ಶಾಲೆ ಗಂಟೆ ಪೆಟ್ಟಿಗೆ: ಸೋರ್ಸ್ ಕೋಡ್ ಕೇಳಿದ್ದಾರೆ, ನಾನು ಬರೆದದ್ದನ್ನೂ ಕೊಡಬೇಕಾ?

ದಾವಣಗೆರೆ_ಪೈ:
ಎಲ್ಲರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬಳಸಿ ಶಾಲೆಗಳಿಗೆ ಒಂದು ಗಂಟೆ ಪೆಟ್ಟಿಗೆ ಮಾಡಿದ್ದೇನೆ. ಪೀರಿಯಡ್ ಮುಗಿದ ಕೂಡಲೇ ಗಂಟೆ ಹೊಡೆಯುತ್ತದೆ, ಆಮೇಲೆ ಕನ್ನಡದಲ್ಲಿ "ಮೂರನೇ ಪೀರಿಯಡ್, ಗಣಿತ" ಅಂತ ಹೇಳುತ್ತದೆ. ಚಿಕ್ಕ ಸ್ಕ್ರೀನ್ ಮೇಲೆ ಟೈಮ್‌ಟೇಬಲ್ ಬರುತ್ತದೆ. ಒಳಗಿರೋದು 64 ಬಿಟ್ ಪೈ ಓಎಸ್ (ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು), ಮಾತಿಗೆ ಇಸ್ಪೀಕ್ ಎನ್‌ಜಿ, ಆಡಿಯೋಗೆ ಎಫ್‌ಎಫ್‌ಎಂಪೆಗ್, ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ, ಮಿಕ್ಕಿದ್ದು ನಾನೇ ಬರೆದ ಪೈಥಾನ್.

ಒಂದು ಶಾಲೆಯವರು ಆರ್ಡರ್ ಕೊಡುವ ಮುಂಚೆ ಪತ್ರ ಕಳಿಸಿದ್ದಾರೆ. ಒಳಗಿರುವ ಸಾಫ್ಟ್‌ವೇರ್‌ಗಳ ಪಟ್ಟಿ, ಲೈಸೆನ್ಸ್, ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ) ಭಾಗಗಳ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಎಲ್ಲ ಬೇಕಂತೆ. ಸೋರ್ಸ್ ಇಳಿಸಲು ಹೋದರೆ ಡೆಬ್-ಎಸ್‌ಆರ್‌ಸಿ (ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ಹೇಳುವ) ಸಾಲು ಇಲ್ಲ ಅಂತ ಎರರ್ ಬರುತ್ತಿದೆ. ಮುಖ್ಯವಾಗಿ, ನನ್ನ ಪೈಥಾನ್ ಕೋಡ್ ಕೂಡ ಕೊಡಬೇಕಾ? ಇನ್ನೊಂದು, ಓಪನ್ ಸೋರ್ಸ್ ಹಾಕಿ ದುಡ್ಡಿಗೆ ಮಾರಬಹುದಾ? ಕಾಪಿ ಮಾಡಬಾರದು ಅಂತ ಕೊಳ್ಳುವವರಿಂದ ಸಹಿ ಹಾಕಿಸಿಕೊಳ್ಳೋಣ ಅಂತಿದ್ದೇನೆ.

ಬೂಟ್‌ಲೋಡರ್:
ಇಸ್ಪೀಕ್ ಎನ್‌ಜಿ ಇರೋದು ಜಿಪಿಎಲ್ 3ರಲ್ಲಿ, ಅಂದರೆ ಹಂಚಿದರೆ ಸೋರ್ಸೂ ಕೊಡಿ ಅನ್ನುವ ಲೈಸೆನ್ಸ್‌ನಲ್ಲಿ. ಒಳಗೆ ಜಿಪಿಎಲ್ ಬಂತು ಅಂದರೆ ಮುಗೀತು, ಪೂರ್ತಿ ಕೋಡ್ ಕೊಡಲೇಬೇಕು.

ತುಂಗಾತೀರ:
ಬೂಟ್‌ಲೋಡರ್ ಅವರೇ, ಅದು ಹಾಗಲ್ಲ. ಈ ಮಾತು ಕೇಳಿ ಹೆದರಿ ಎಷ್ಟೋ ಜನ ಒಳ್ಳೇ ಸಾಫ್ಟ್‌ವೇರ್ ಬಿಟ್ಟುಬಿಡುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಾರೋದಕ್ಕೆ ಯಾವ ಅಡ್ಡಿಯೂ ಇಲ್ಲ. ವ್ಯಾಪಾರಕ್ಕೆ ಬಳಸಬೇಡಿ ಅನ್ನುವ ಲೈಸೆನ್ಸ್ ಓಪನ್ ಸೋರ್ಸ್ ಅಂತಲೇ ಅನಿಸಿಕೊಳ್ಳುವುದಿಲ್ಲ. ಆದರೆ ಆ ಸಹಿ ಕಾಗದ ಬೇಡ ಸರ್. ನೀವು ಬರೆದ ಕೋಡ್‌ಗೆ ಏನು ಷರತ್ತು ಬೇಕಾದರೂ ಹಾಕಿಕೊಳ್ಳಿ. ಜಿಪಿಎಲ್ ಭಾಗಕ್ಕೆ ಮೇಲಿಂದ ಹೊಸ ನಿರ್ಬಂಧ ಹಾಕುವ ಹಾಗಿಲ್ಲ. ಇಡೀ ಮೆಮೊರಿ ಕಾರ್ಡ್ ಕಾಪಿ ಮಾಡಬಾರದು ಅಂತ ಬರೆಸಿಕೊಂಡರೆ ಇಸ್ಪೀಕ್, ಲಿನಕ್ಸ್ ಕರ್ನಲ್ (ಓಎಸ್‌ನ ತಿರುಳು) ಎಲ್ಲ ಅದರೊಳಗೆ ಬಂದುಬಿಡುತ್ತವೆ, ಅದು ತಪ್ಪು.

ನಿಮ್ಮ ಪೈಥಾನ್ ವಿಷಯ. ಇಸ್ಪೀಕನ್ನು ನೀವು ಹೇಗೆ ಕರೆಯುತ್ತಿದ್ದೀರಿ ಅನ್ನೋದರ ಮೇಲೆ ಉತ್ತರ ನಿಂತಿದೆ. ಸಬ್‌ಪ್ರೊಸೆಸ್ ಮೂಲಕ ಬೇರೆ ಪ್ರೋಗ್ರಾಂ ಆಗಿ ಓಡಿಸುತ್ತೀರೋ, ಇಲ್ಲ ಅದರ ಲೈಬ್ರರಿಯನ್ನೇ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ನಿಮ್ಮ ಪ್ರೋಗ್ರಾಂ ಒಳಗೆ ಲೋಡ್ ಮಾಡುತ್ತೀರೋ?

ದಾವಣಗೆರೆ_ಪೈ:
ಈಗಿರೋದು ಸಬ್‌ಪ್ರೊಸೆಸ್. ಆದರೆ ಪ್ರತಿ ಸಲ ಶುರುವಾಗೋಕೆ ತಡ ಆಗುತ್ತೆ ಅಂತ ಹೊಸ ವರ್ಷನ್‌ನಲ್ಲಿ ಪೈಥಾನ್‌ನ ಸಿಟೈಪ್ಸ್ ಬಳಸಿ ಲೈಬ್ರರಿಯನ್ನೇ ಕರೆಯೋಣ ಅಂತಿದ್ದೆ.

ತುಂಗಾತೀರ:
ಹಾಗಾದರೆ ಈ ಥ್ರೆಡ್ ಸರಿಯಾದ ಹೊತ್ತಿಗೇ ಶುರುವಾಗಿದೆ. ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರ ಪ್ರಕಾರ, ಒಂದು ಪ್ರೋಗ್ರಾಂ ಇನ್ನೊಂದನ್ನು ಕಮಾಂಡ್‌ಲೈನ್‌ನಲ್ಲಿ, ಪೈಪ್‌ನಲ್ಲಿ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಹೋಗುವ ದಾರಿ) ಕರೆದರೆ ಅವು ಸಾಮಾನ್ಯವಾಗಿ ಬೇರೆ ಬೇರೆ ಪ್ರೋಗ್ರಾಂಗಳೇ. ಒಂದೇ ಕಾರ್ಡ್‌ನಲ್ಲಿ ಪಕ್ಕಪಕ್ಕ ಇವೆ ಅಂತ ನಿಮ್ಮದಕ್ಕೆ ಜಿಪಿಎಲ್ ತಗಲುವುದಿಲ್ಲ. ಲೈಬ್ರರಿ ಲೋಡ್ ಮಾಡಿ ಎರಡೂ ಒಂದೇ ಪ್ರೊಸೆಸ್ ಒಳಗೆ ಡೇಟಾ ಹಂಚಿಕೊಂಡರೆ ಅವರು ಅದನ್ನು ಒಂದೇ ಕೃತಿ ಅಂತ ನೋಡುತ್ತಾರೆ. ಆಗ ಹಂಚುವಾಗ ನಿಮ್ಮ ಪೈಥಾನ್ ಕೂಡ ಜಿಪಿಎಲ್ 3ಕ್ಕೆ ಹೊಂದುವ ಲೈಸೆನ್ಸ್‌ನಲ್ಲಿ ಬರಬೇಕಾಗುತ್ತದೆ.

ತಡ ಆಗೋದಕ್ಕೆ ಸಿಟೈಪ್ಸ್ ಬೇಕಿಲ್ಲ. ಇಸ್ಪೀಕನ್ನು ಯಾವ ಪಠ್ಯವನ್ನೂ ಕೊಡದೆ ಒಂದು ಸಲ ಓಡಿಸಿ ಹಾಗೇ ಬಿಡಿ. ಅದು ಇನ್‌ಪುಟ್‌ನಿಂದ ಒಂದೊಂದೇ ಸಾಲು ಓದಿ ಮಾತಾಡುತ್ತದೆ. ನೀವು ಪೈಪ್‌ಗೆ ಸಾಲು ಬರೆದರೆ ಸಾಕು, ಪ್ರತಿ ಸಲ ಹೊಸದಾಗಿ ಶುರು ಮಾಡುವ ತಡ ಹೋಯಿತು. ಇನ್ನೊಂದು ದಾರಿಯೂ ಇದೆ. ಪ್ರಕಟಣೆಗಳು ಯಾವಾಗಲೂ ಅವೇ ಆಗಿದ್ದರೆ ಲ್ಯಾಪ್‌ಟಾಪ್‌ನಲ್ಲೇ ವೇವ್ ಫೈಲ್ ಮಾಡಿ ಅವನ್ನಷ್ಟೇ ಹಾಕಿ. ಇಸ್ಪೀಕ್ ಹೊರಡಿಸಿದ ಧ್ವನಿಗೆ ಅದರ ಜಿಪಿಎಲ್ ಅಂಟುವುದಿಲ್ಲ.

ದಾವಣಗೆರೆ_ಪೈ:
ಇಲ್ಲ ಸರ್, ಮೇಷ್ಟ್ರುಗಳು ದಿನಾ ಹೊಸ ಪ್ರಕಟಣೆ ಟೈಪ್ ಮಾಡುತ್ತಾರೆ. ಪೈಪ್ ಮಾಡಿ ನೋಡಿದೆ, ಈಗ ತಡ ಇಲ್ಲ. ತುಂಬಾ ಥ್ಯಾಂಕ್ಸ್. ಸಿಟೈಪ್ಸ್ ಯೋಚನೆ ಬಿಟ್ಟೆ. ಸೋರ್ಸ್ ಇಳಿಸೋದು ಹೇಗೆ ಅಂತ ಯಾರಾದರೂ ಹೇಳಿ.

ಕಲ್ಪತರು:
ತುಮಕೂರಿನಿಂದ ನಮಸ್ಕಾರ. ನಾನು ಇದೇ ತರ ಡಿಸ್‌ಪ್ಲೇ ಬೋರ್ಡ್ ಮಾಡುತ್ತೇನೆ.

ನಿಮ್ಮ ಎರರ್ ಸುಲಭ. ಸಾಫ್ಟ್‌ವೇರ್ ಇಳಿಸುವ ಆಪ್ಟ್‌ನ ಸೋರ್ಸಸ್ ಫೈಲ್‌ನಲ್ಲಿ ಡೆಬ್-ಎಸ್‌ಆರ್‌ಸಿ ಆನ್ ಮಾಡಿ, ಆಪ್ಟ್ ಅಪ್‌ಡೇಟ್ ಕೊಡಿ, ಆಮೇಲೆ ಆಪ್ಟ್ ಸೋರ್ಸ್ ಓಡುತ್ತದೆ. ಅಸಲಿ ತೊಂದರೆ ಅದರ ನಂತರ ಬರುತ್ತೆ. ಪೆಟ್ಟಿಗೆಯಲ್ಲಿ ಹಳೇ ವರ್ಷನ್ ಇರುತ್ತದೆ, ಸರ್ವರ್ ಹೊಸದನ್ನು ಕೊಡುತ್ತದೆ. ಲೈಸೆನ್ಸ್ ಕೇಳೋದು ನೀವು ಕೊಟ್ಟ ಬೈನರಿಗೆ (ಓಡುವ ಫೈಲ್‌ಗೆ) ಸರಿಹೊಂದುವ ಸೋರ್ಸನ್ನೇ. ಹಾಗಾಗಿ ಮೊದಲು ಇಮೇಜನ್ನು (ಕಾರ್ಡ್‌ಗೆ ಹಾಕುವ ಇಡೀ ಸಾಫ್ಟ್‌ವೇರ್ ಪ್ರತಿ) ಪೂರ್ತಿ ಅಪ್‌ಗ್ರೇಡ್ ಮಾಡಿ, ಅದೇ ದಿನ ಎಲ್ಲದರ ಸೋರ್ಸ್ ಇಳಿಸಿ, ಆ ಇಮೇಜನ್ನೇ ಮಾರಿ. ಹಳೇದೇ ಬೇಕು ಅಂದರೆ ಡೆಬಿಯನ್‌ನವರ ಸ್ನ್ಯಾಪ್‌ಶಾಟ್ ಸೈಟ್‌ನಲ್ಲಿ ಹಿಂದಿನ ವರ್ಷನ್‌ಗಳು ಸಿಗುತ್ತವೆ. ಕರ್ನಲ್ ಮಾತ್ರ ಡೆಬಿಯನ್‌ನದಲ್ಲ, ರಾಸ್ಪ್‌ಬೆರಿ ಪೈನವರದು. ಅವರ ಗಿಟ್‌ಹಬ್‌ನಿಂದ ನಿಮ್ಮ ವರ್ಷನ್‌ಗೆ ಸರಿಯಾದ ಕಮಿಟ್ (ಆ ಹಂತದ ಕೋಡ್) ಹುಡುಕಿ, ಜೊತೆಗೆ ಕಾನ್ಫಿಗ್ ಫೈಲ್ ಇಡಿ.

ಆಮೇಲೆ ಎಫ್‌ಎಫ್‌ಎಂಪೆಗ್. ಅದರ ಮೂಲ ಲೈಸೆನ್ಸ್ ಎಲ್‌ಜಿಪಿಎಲ್ 2.1 (ಜಿಪಿಎಲ್‌ಗಿಂತ ಸಡಿಲ), ಆದರೆ ಡೆಬಿಯನ್‌ನಲ್ಲಿ ಬರುವುದನ್ನು ಜಿಪಿಎಲ್ ಭಾಗಗಳನ್ನೂ ಸೇರಿಸಿ ಬಿಲ್ಡ್ ಮಾಡಿರುತ್ತಾರೆ, ವರ್ಷನ್ ಕೇಳಿದಾಗ ಬರುವ ಕಾನ್ಫಿಗರೇಶನ್ ಸಾಲಲ್ಲಿ "ಎನೇಬಲ್-ಜಿಪಿಎಲ್" ಕಾಣುತ್ತದೆ. ಎಲ್ಲಿಂದಲೋ ಇಳಿಸಿದ ಬಿಲ್ಡ್‌ನಲ್ಲಿ "ಎನೇಬಲ್-ನಾನ್‌ಫ್ರೀ" ಕಂಡರೆ ಅದನ್ನು ಯಾರಿಗೂ ಹಂಚುವ ಹಾಗೇ ಇಲ್ಲ. ಬರೀ ವೇವ್ ನುಡಿಸೋಕಾದರೆ ಎಪ್ಲೇ ಅನ್ನುವ ಚಿಕ್ಕ ಪ್ರೋಗ್ರಾಂ ಸಾಕಲ್ವಾ? ಎಫ್‌ಎಫ್‌ಎಂಪೆಗ್ ತೆಗೆದರೆ ಅದು ಎಳೆದು ತಂದ ಲೈಬ್ರರಿಗಳ ದೊಡ್ಡ ಸಾಲೇ ಪಟ್ಟಿಯಿಂದ ಹೋಗುತ್ತದೆ.

ಪೈ ಓಎಸ್ ಲೈಟ್‌ನಿಂದಲೇ ಶುರು ಮಾಡಿ. ಫುಲ್ ಇಮೇಜ್‌ನಲ್ಲಿ ಓಪನ್ ಸೋರ್ಸ್ ಅಲ್ಲದವೂ ಇರುತ್ತವೆ, ಅವನ್ನು ಹಾಗೇ ಮಾರುವ ಹಕ್ಕು ನಮಗೆ ಸಿಗದೇ ಇರಬಹುದು. ಬೂಟ್ ಆಗೋಕೆ ಬೇಕಾದ ಬ್ರಾಡ್‌ಕಾಮ್ ಫರ್ಮ್‌ವೇರ್‌ಗೂ ಸೋರ್ಸ್ ಇಲ್ಲ. ಅದನ್ನು ಬದಲಿಸದೆ, ನೋಟಿಸ್ ಸಮೇತ, ಪೈ ಮೇಲೆ ಬಳಸಲು ಹಂಚಬಹುದು, ಅಷ್ಟೇ. ಶಾಲೆಗೆ ಕೊಡುವ ಪಟ್ಟಿಯಲ್ಲಿ ಇದನ್ನು ನೇರವಾಗಿ ಬರೆಯಿರಿ.

ತುಂಗಾತೀರ:
ಜಾಸ್ತಿ ಜನ ಗಮನಿಸದ ಇನ್ನೊಂದಿದೆ. ಎಲ್ಲರೂ ಜಿಪಿಎಲ್‌ಗೆ ಹೆದರುತ್ತಾರೆ, ಬಿಎಸ್‌ಡಿ ಮತ್ತು ಎಂಐಟಿ ಅನ್ನುವ ಸಡಿಲ ಲೈಸೆನ್ಸ್‌ಗಳು ಅಂದರೆ ಏನೂ ಮಾಡಬೇಕಿಲ್ಲ ಅಂದುಕೊಳ್ಳುತ್ತಾರೆ. ಸೋರ್ಸ್ ಕೊಡಬೇಕಿಲ್ಲ ನಿಜ. ಆದರೆ ಬೈನರಿ ಹಂಚುವಾಗ ಕಾಪಿರೈಟ್ ಸಾಲು, ಷರತ್ತುಗಳು, ಹೊಣೆ ನಮ್ಮದಲ್ಲ ಅನ್ನುವ ಭಾಗ, ಇವು ಜೊತೆಗೆ ಹೋಗಲೇಬೇಕು ಅಂತ ಬಿಎಸ್‌ಡಿಯಲ್ಲಿ ಸ್ಪಷ್ಟವಾಗಿದೆ. ಮೂರು ಷರತ್ತಿನ ಬಿಎಸ್‌ಡಿಯಾದರೆ, ಬರೆದವರ ಹೆಸರನ್ನು ಒಪ್ಪಿಗೆ ಇಲ್ಲದೆ ನಿಮ್ಮ ಜಾಹೀರಾತಿಗೆ ಬಳಸಬಾರದು. ಅವರು ಸುಮ್ನೆ ಕೊಟ್ಟದ್ದಕ್ಕೆ ಕೇಳುವುದು ಇಷ್ಟೇ, ಅದನ್ನಾದರೂ ನಾವು ಮಾಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಡೆಬಿಯನ್‌ನಲ್ಲಿ ಈ ನೋಟಿಸ್‌ಗಳು ಯುಎಸ್‌ಆರ್ ಶೇರ್ ಡಾಕ್ ಫೋಲ್ಡರ್ ಒಳಗೆ ಪ್ರತಿ ಪ್ಯಾಕೇಜ್‌ನ ಕಾಪಿರೈಟ್ ಫೈಲ್‌ನಲ್ಲಿರುತ್ತವೆ. ಇಮೇಜ್ ಚಿಕ್ಕದು ಮಾಡಲು ಆ ಫೋಲ್ಡರ್ ಅಳಿಸುವ ಸ್ಕ್ರಿಪ್ಟ್‌ಗಳು ಎಲ್ಲೆಡೆ ಇವೆ. ಬೇರೆ ಏನು ಬೇಕಾದರೂ ಅಳಿಸಿ, ಕಾಪಿರೈಟ್ ಫೈಲ್ ಬಿಡಿ. ಕಾಮನ್-ಲೈಸೆನ್ಸಸ್ ಫೋಲ್ಡರ್ ಕೂಡ ಬಿಡಿ, ಜಿಪಿಎಲ್‌ನ ಪೂರ್ತಿ ಪಠ್ಯ ಅಲ್ಲೇ ಇರೋದು. ನೋಟೋ ಫಾಂಟ್‌ಗೆ ಓಎಫ್‌ಎಲ್ 1.1 (ಫಾಂಟ್‌ಗಳಿಗಾಗಿ ಇರುವ ಓಪನ್ ಲೈಸೆನ್ಸ್). ಅದನ್ನೊಂದನ್ನೇ ಮಾರಬಾರದು, ಸಾಫ್ಟ್‌ವೇರ್ ಜೊತೆ ಮಾರಬಹುದು, ಲೈಸೆನ್ಸ್ ಪಠ್ಯ ಜೊತೆಗಿರಬೇಕು.

ಬೂಟ್‌ಲೋಡರ್:
ಸರಿ, ಪೈಪ್ ವಿಷಯ ಗೊತ್ತಾಯಿತು. ಆದರೆ ಮೂರು ವರ್ಷ ಸೋರ್ಸ್ ಕೊಡ್ತೀನಿ ಅಂತ ಬರೆದುಕೊಡಬೇಕಲ್ವಾ? ಅಂಗಡಿ ಮುಚ್ಚಿದರೆ?

ಕಲ್ಪತರು:
ಅದು ಸೋರ್ಸನ್ನು ಜೊತೆಗೇ ಕೊಡದೆ, ಕೇಳಿದಾಗ ಕೊಡ್ತೀನಿ ಅನ್ನುವವರಿಗೆ. ಆಗ ಕನಿಷ್ಠ 3 ವರ್ಷ, ಜಿಪಿಎಲ್ 3ರಲ್ಲಾದರೆ ಬಿಡಿಭಾಗ ಅಥವಾ ಸರ್ವಿಸ್ ಕೊಡುವಷ್ಟು ಕಾಲವೂ ಆ ಮಾತು ನಿಲ್ಲಬೇಕು. ನಾನು ಪ್ರತಿ ಬೋರ್ಡ್ ಜೊತೆ ಸೋರ್ಸ್ ತುಂಬಿದ ಪೆನ್‌ಡ್ರೈವ್ ಕೊಡುತ್ತೇನೆ. ಜೊತೆಗೇ ಕೊಟ್ಟರೆ ಆ ಲಿಖಿತ ಭರವಸೆ ಬೇಕಿಲ್ಲ. ಪೆನ್‌ಡ್ರೈವ್ ಖರ್ಚು ಬೆಲೆಯಲ್ಲೇ ಸೇರಿಸಿ. ಇನ್ನು ಮೆಮೊರಿ ಕಾರ್ಡ್‌ಗೆ ಬೀಗ ಹಾಕಬೇಡಿ. ಬದಲಿಸಿದ ಇಸ್ಪೀಕ್ ಹಾಕಿ ಓಡಿಸಲು ಆಗದಂತೆ ಮಾಡಿದರೆ ಜಿಪಿಎಲ್ 3ರಲ್ಲಿ ಬೇರೆ ಪ್ರಶ್ನೆ ಏಳಬಹುದು.

ದಾವಣಗೆರೆ_ಪೈ:
ಲೈಟ್ ಇಮೇಜ್‌ನಿಂದ ಮತ್ತೆ ಕಟ್ಟಿದೆ, ಎಫ್‌ಎಫ್‌ಎಂಪೆಗ್ ತೆಗೆದು ಎಪ್ಲೇ ಹಾಕಿದೆ, ಕಾಪಿರೈಟ್ ಫೈಲ್‌ಗಳು ಎಲ್ಲ ಇವೆ. ಸಹಿ ಕಾಗದ ಕೈಬಿಟ್ಟೆ. ಪೆನ್‌ಡ್ರೈವ್, ಪಟ್ಟಿ ಎರಡೂ ಶಾಲೆಗೆ ಕಳಿಸುತ್ತಿದ್ದೇನೆ. ಕೊನೇ ಅನುಮಾನ: ಮುಂದೆ ನೆಟ್ ಮೂಲಕ ಅಪ್‌ಡೇಟ್ ಕೊಟ್ಟರೆ ಪ್ರತಿ ಸಲ ಪೆನ್‌ಡ್ರೈವ್ ಕಳಿಸಬೇಕಾ?

ಕಲ್ಪತರು:
ಬೇಡ. ಅಪ್‌ಡೇಟ್ ಇಳಿಯುವ ಜಾಗದಲ್ಲೇ, ಅದರ ಪಕ್ಕ, ಅದೇ ವರ್ಷನ್ ಹೆಸರಲ್ಲಿ ಸೋರ್ಸ್ ಇಡಿ. ಅದಕ್ಕೆ ಬೇರೆ ದುಡ್ಡು ಕೇಳಬೇಡಿ. ಹಳೇ ಅಪ್‌ಡೇಟ್ ಇಳಿಸಲು ಸಿಗುವವರೆಗೆ ಅದರ ಸೋರ್ಸ್ ಅಳಿಸಬೇಡಿ. ಸೋರ್ಸ್ ಮೊದಲು ಏರಿಸಿ, ಆಮೇಲೆ ಅಪ್‌ಡೇಟ್ ಬಿಡಿ.