‘ಕಿಂಗ್ ಕಾಂಗ್’ ಒಳಮುಖಪುಟ: ಲವ್‌ಲೇಸ್ ಹೆಸರಿನ ಮುಂದೆ ಯಾವ ಪದ?

ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಒಳಮುಖಪುಟ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ಪುಸ್ತಕ ‘ಕಿಂಗ್ ಕಾಂಗ್’ ಕಾದಂಬರಿಯ ಕನ್ನಡ ಅನುವಾದ. ಮೂಲದಲ್ಲಿ ಹೊಣೆ ಮೂರು ಕಡೆ ಹಂಚಿಹೋಗಿದೆ. ಕಲ್ಪನೆ ಎಡ್ಗರ್ ವಾಲೇಸ್ ಮತ್ತು ಮೆರಿಯನ್ ಸಿ. ಕೂಪರ್ ಅವರದು, ಚಿತ್ರಕಥೆ ಜೇಮ್ಸ್ ಕ್ರೀಲ್‌ಮನ್ ಮತ್ತು ರೂತ್ ರೋಸ್ ಅವರದು, ಅದನ್ನು ಕಾದಂಬರಿಯಾಗಿ ಬರೆದವರು ಡೆಲೋಸ್ ಡಬ್ಲ್ಯೂ. ಲವ್‌ಲೇಸ್. ಮೊದಲೆರಡಕ್ಕೆ ನಮ್ಮ ಸಿನಿಮಾ ಟೈಟಲ್ ಕಾರ್ಡಿನ ಪದಗಳೇ ಸಾಕು. ಮೂರನೆಯದಕ್ಕೆ ಏನು ಹಾಕಲಿ? ‘ಕಾದಂಬರಿ: ಲವ್‌ಲೇಸ್’ ಎಂದರೆ ಕಥೆಯೂ ಅವರದೇ ಎಂದಾಗುತ್ತದೆ. ಪ್ರಕಾಶಕರು ‘ಚಲನಚಿತ್ರ ಆಧಾರಿತ ಕಾದಂಬರಿ’ ಎನ್ನುತ್ತಿದ್ದಾರೆ. ನನ್ನ ಮನಸ್ಸು ‘ಕಾದಂಬರೀಕರಣ’ದ ಕಡೆಗಿದೆ.

ಬೆನ್ನುಡಿಯಲ್ಲಿ ಕಾಂಗ್‌ನನ್ನು ‘ದೈತ್ಯ ವಾನರ’ ಎಂದಿದ್ದೇನೆ. ಅದಕ್ಕೂ ಒಂದು ಮಾತು ಹೇಳಿ.

ಮೇಷ್ಟ್ರು:

ಕಾದಂಬರೀಕರಣ ಸರಿ. ಇಲ್ಲಿನ ‘ಈ’ಕಾರ ತರುವ ಸಂಸ್ಕೃತದ ಚ್ವಿ ಪ್ರತ್ಯಯದ ಅರ್ಥವೇ ಅಭೂತತದ್ಭಾವ: ಮೊದಲು ಹಾಗಿಲ್ಲದ್ದು ಹಾಗಾಗುವುದು. ಚಿತ್ರಕಥೆ ಕಾದಂಬರಿಯಾಗಿರಲಿಲ್ಲ, ಆಯಿತು. ಇದಕ್ಕಿಂತ ಹೊಂದುವ ರಚನೆ ಸಿಗದು. ಆದರೆ ‘ರೀ’ ದೀರ್ಘವೇ ಇರಲಿ. ಪತ್ರಿಕೆಗಳಲ್ಲಿ ಕಾಣುವ ‘ಕಾದಂಬರಿಕರಣ’ ಅಶುದ್ಧ. ‘ಕಾದಂಬರಿಕಾರ’ದ ಹ್ರಸ್ವ ನೋಡಿ ಇಲ್ಲಿಯೂ ಹ್ರಸ್ವ ಹಾಕುತ್ತಾರೆ. ಎರಡರ ದಾರಿ ಬೇರೆ: ಅದು ಕನ್ನಡದಲ್ಲಿ ಹ್ರಸ್ವಗೊಂಡ ರೂಪಕ್ಕೆ ‘ಕಾರ’ ಸೇರಿದ್ದು, ಇದು ಇಡಿಯಾಗಿ ಸಂಸ್ಕೃತದ ಕಟ್ಟು.

ಹಿಂದಿಯನ್ನು ನೋಡಿ ‘ಉಪನ್ಯಾಸೀಕರಣ’ ಎಂದು ಯಾರೂ ಸೂಚಿಸಬೇಡಿ. ಬಂಗಾಳಿ, ಹಿಂದಿಗಳಲ್ಲಿ ಉಪನ್ಯಾಸವೆಂದರೆ ಕಾದಂಬರಿ, ನಮ್ಮಲ್ಲಿ ಭಾಷಣ. ಸಂಸ್ಕೃತ ಕವಿ ಬಾಣನ ‘ಕಾದಂಬರಿ’ ಎಂಬ ಒಂದು ಕೃತಿಯ ಹೆಸರು ಇಡೀ ಪ್ರಕಾರದ ಹೆಸರಾದದ್ದು ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ. ಆ ಸಂಪತ್ತನ್ನು ಬಿಡಬಾರದು.

ಎಲ್ಲರಕನ್ನಡಿಗ:

ಮೇಶ್ಟ್ರು ಸಂಸ್ಕ್ರುತದ ಕಟ್ಟಲೆ ಹೇಳಿದರು, ಕನ್ನಡದ್ದು ಹೇಳಲಿಲ್ಲ. ಹೆಸರುಪದವನ್ನು ಎಸಕಪದ (ಕ್ರಿಯಾಪದ) ಮಾಡಲು ಕನ್ನಡಕ್ಕೆ ತನ್ನದೇ ಆದ ‘ಇಸು’ ಒಟ್ಟು (ಪ್ರತ್ಯಯ) ಇದೆ. ಪ್ರೀತಿ ‘ಪ್ರೀತಿಸು’ ಆಯಿತು, ಸ್ತುತಿ ‘ಸ್ತುತಿಸು’ ಆಯಿತು. ಹಾಗೆಯೇ ‘ಕಾದಂಬರಿಸಿದವರು: ಲವ್‌ಲೇಸ್’. ಇನ್ನೂ ಕನ್ನಡದ್ದೇ ಬೇಕಿದ್ದರೆ ‘ನೀಳ್ಗತೆಯಾಗಿಸಿದವರು’. ಸರಕಾರಿ ಸುತ್ತೋಲೆಯ ‘ಈಕರಣ’ಗಳು ಹೊತ್ತಗೆಯ ಮೊದಲ ಪುಟಕ್ಕೆ ಬೇಡವೇ ಬೇಡ.

ಮೇಷ್ಟ್ರು:

ನೀಳ್ಗತೆ ಬೇರೆ ಪ್ರಕಾರ. ಸಣ್ಣಕತೆಗಿಂತ ದೊಡ್ಡದು, ಕಾದಂಬರಿಗಿಂತ ಚಿಕ್ಕದು. ಅದನ್ನು ಇಲ್ಲಿಗೆ ತರುವುದು ತಪ್ಪು.

‘ಕಾದಂಬರಿಸು’ ವ್ಯಾಕರಣಕ್ಕೆ ಒಪ್ಪುತ್ತದೆ, ಅರ್ಥಕ್ಕೆ ಒಪ್ಪುವುದಿಲ್ಲ. ‘ಕವನಿಸು’ ಎಂದರೆ ಕವನ ಬರೆ ಎಂದಷ್ಟೇ. ಇನ್ನೊಂದನ್ನು ಕವನವಾಗಿ ಮಾರ್ಪಡಿಸು ಎಂಬ ಅರ್ಥ ಅಲ್ಲಿಲ್ಲ. ಆ ದಾರಿಯಲ್ಲಿ ಹೋದರೆ ‘ಕಾದಂಬರಿಸಿದವರು’ ಎಂದರೆ ಕಾದಂಬರಿ ಬರೆದವರು, ಅಲ್ಲಿಗೆ ಮುಗಿಯಿತು. ಪ್ರಶ್ನೆ ಹಾಕಿದವರು ತಪ್ಪಿಸಬೇಕೆಂದಿದ್ದು ಅದನ್ನೇ.

ಚಿತ್ರಸಮಾಜ:

ಪ್ರತ್ಯಯಕ್ಕೆ ಮೊದಲು ಸಂಗತಿ ನೋಡೋಣ. ಪ್ರಕಾಶಕರ ‘ಚಲನಚಿತ್ರ ಆಧಾರಿತ’ ನೇರವಾಗಿ ತಪ್ಪು, ಅದನ್ನು ಬಿಡಲೇಬೇಡಿ. ಲವ್‌ಲೇಸ್ ಪುಸ್ತಕವನ್ನು ಗ್ರಾಸೆಟ್ ಅಂಡ್ ಡನ್‌ಲ್ಯಾಪ್ ಪ್ರಕಟಿಸಿದ್ದು 1932ರ ಡಿಸೆಂಬರಿನಲ್ಲಿ. ಚಿತ್ರ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡದ್ದು 1933ರ ಮಾರ್ಚ್ 2ರಂದು. ಅವರ ಮುಂದೆ ಇದ್ದದ್ದು ಚಿತ್ರಕಥೆಯ ಹಿಂದಿನ ಕರಡು, ಮುಗಿದ ಚಿತ್ರವಲ್ಲ.

ಆ ಗುರುತು ಪುಸ್ತಕದೊಳಗೇ ಇದೆ. ಚಿತ್ರದಲ್ಲಿ ಹಡಗಿನ ಹೆಸರು ‘ವೆಂಚರ್’, ಪುಸ್ತಕದಲ್ಲಿ ‘ವಾಂಡರರ್’. ಚಿತ್ರದಲ್ಲಿ ಹಡಗಿನ ಅಡುಗೆಯವನು ಚಾರ್ಲಿ ಎಂಬ ಚೀನೀಯ, ಪುಸ್ತಕದಲ್ಲಿ ಲಂಪಿ ಎಂಬವನು. ಎಲ್ಲಕ್ಕಿಂತ ದೊಡ್ಡದು ಕಮರಿಯ ದೃಶ್ಯ: ಮರದ ದಿಮ್ಮಿಯ ಮೇಲಿದ್ದ ನಾವಿಕರನ್ನು ಕಾಂಗ್ ಅಲುಗಾಡಿಸಿ ಕೆಳಗೆ ಉದುರಿಸುತ್ತಾನೆ. ಕಮರಿಯ ತಳದಲ್ಲಿ ದೈತ್ಯ ಜೇಡಗಳು ಅವರ ಮೇಲೆ ಬೀಳುವುದು ಪುಸ್ತಕದಲ್ಲಿ ಉಳಿದಿದೆ. ಚಿತ್ರದಿಂದ ಕೂಪರ್ ಅದನ್ನು ಕತ್ತರಿಸಿದರು. ಹೀಗಿರುವಾಗ ಪುಸ್ತಕ ಚಿತ್ರದ ನಕಲೆಂಬಂತೆ ಮೊದಲ ಪುಟದಲ್ಲೇ ಸಾರಿದರೆ, ಓದುವವರು ಈ ವ್ಯತ್ಯಾಸಗಳನ್ನೆಲ್ಲ ಅನುವಾದಕರ ತಪ್ಪೆಂದು ಎಣಿಸುತ್ತಾರೆ. ಸಾಲಿನಲ್ಲಿ ‘ಚಿತ್ರಕಥೆ’ ಎಂಬ ಪದ ಇರಲೇಬೇಕು.

ಇನ್ನೊಂದು. ಹೊದಿಕೆಯ ಮೇಲೆ ವಾಲೇಸ್ ಹೆಸರು ದೊಡ್ಡದಾಗಿ ಹಾಕುವ ಆಸೆ ಪ್ರಕಾಶಕರಿಗೆ ಬರುತ್ತದೆ, ಏಕೆಂದರೆ ಪತ್ತೇದಾರಿ ಓದುಗರಿಗೆ ಗೊತ್ತಿರುವ ಹೆಸರು ಅದೇ. ವಾಲೇಸ್ ಒಂದು ಆರಂಭದ ಕರಡು ಬರೆದು, 1932ರ ಫೆಬ್ರವರಿ 10ರಂದು ತೀರಿಕೊಂಡರು. ಕಾದಂಬರಿಯ ಒಂದು ಸಾಲೂ ಅವರದಲ್ಲ. ‘ಕಲ್ಪನೆ’ ಎಂಬಲ್ಲಿಗೆ ಅವರ ಹೆಸರು ನಿಲ್ಲಬೇಕು.

ಪದದ ಮಾತಿಗೆ ಬಂದರೆ, ನಾಟಕದವರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಕಾದಂಬರಿಯೊಂದು ರಂಗಕ್ಕೆ ಬಂದಾಗ ಆಮಂತ್ರಣದಲ್ಲಿ ‘ಮೂಲ’ ಒಬ್ಬರದು, ‘ರಂಗರೂಪ’ ಇನ್ನೊಬ್ಬರದು. ಯಾರಿಗೂ ಗೊಂದಲವಿಲ್ಲ. ಅದೇ ಅಚ್ಚಿನಲ್ಲಿ ‘ಕಾದಂಬರಿ ರೂಪ’ ಎನ್ನಿ.

ಮೇಷ್ಟ್ರು:

‘ಚಿತ್ರಕಾದಂಬರಿ’ ಎನ್ನದಿದ್ದರೆ ಸಾಕು. ಅದನ್ನು ಈಗ ಚಿತ್ರಗಳಲ್ಲಿ ಕಥೆ ಹೇಳುವ ಪುಸ್ತಕಕ್ಕೆ ಬಳಸುತ್ತಿದ್ದಾರೆ. ‘ಕಾದಂಬರಿ ರೂಪ’ಕ್ಕೆ ನನ್ನ ತಕರಾರು ಒಂದೇ: ಅದು ಫಲವನ್ನು ಹೇಳುತ್ತದೆ, ಕ್ರಿಯೆಯನ್ನು ಹೇಳುವುದಿಲ್ಲ. ಮುನ್ನುಡಿಯಲ್ಲಿ ಆ ಕೆಲಸದ ಬಗ್ಗೆ ಬರೆಯುವಾಗ ‘ರೂಪ’ ಕೈಕೊಡುತ್ತದೆ. ಅಲ್ಲಿ ಕಾದಂಬರೀಕರಣವೇ ಬೇಕು.

ಪುಟವಿನ್ಯಾಸ:

ಒಳಮುಖಪುಟದಲ್ಲಿ ಲೇಬಲ್ ಮತ್ತು ಹೆಸರನ್ನು ಒಂದೇ ಸಾಲಿಗೆ ತುರುಕಬೇಡಿ. ಲೇಬಲ್ ಮೇಲೆ ಸಣ್ಣಕ್ಷರದಲ್ಲಿ, ಹೆಸರು ಕೆಳಗೆ. ಡೆಮಿ ಅಳತೆಯ ಪುಸ್ತಕದಲ್ಲಿ ‘ಚಿತ್ರಕಥೆಯಿಂದ ಕಾದಂಬರಿ ರೂಪ’ ಒಂದೇ ಸಾಲಿನಲ್ಲಿ ಆರಾಮವಾಗಿ ಕೂರುತ್ತದೆ, ಮುರಿಯಬೇಕಿಲ್ಲ.

‘ಲವ್‌ಲೇಸ್’ ಬಗ್ಗೆ ಎಚ್ಚರ. ‘ವ್’ ಮತ್ತು ‘ಲೇ’ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಅಕ್ಷರ ಇರುತ್ತದೆ. ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಪರಿವರ್ತಿಸುವಾಗಲೋ, ಮೇಲ್‌ನಿಂದ ನಕಲು ಮಾಡುವಾಗಲೋ ಅದು ಬಿದ್ದುಹೋದರೆ ಒತ್ತಕ್ಷರ ಮೂಡಿ ‘ಲವ್ಲೇಸ್’ ಆಗುತ್ತದೆ. ‘ಕ್ರೀಲ್‌ಮನ್’ ಕೂಡ ಹಾಗೆಯೇ ‘ಕ್ರೀಲ್ಮನ್’ ಆಗುತ್ತದೆ. ಕೊನೆಯ ಕರಡನ್ನು ಕಾಗದದ ಮೇಲೆ ತೆಗೆದು ನೋಡಿ. ‘ಕಿಂಗ್ ಕಾಂಗ್’ ಎರಡು ಪದವಾಗಿಯೇ ಇರಲಿ, ಬೆನ್ನುಪಟ್ಟಿಯ ಮೇಲೂ. ಒಂದು ಕಡೆ ಕೂಡಿಸಿ, ಒಂದು ಕಡೆ ಬಿಡಿಸಿ ಬರೆದರೆ ಗ್ರಂಥಾಲಯದ ಹುಡುಕಾಟದಲ್ಲಿ ಸಿಗುವುದಿಲ್ಲ.

ಎಲ್ಲರಕನ್ನಡಿಗ:

ವಾನರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ‘ದಯ್ತ್ಯ ವಾನರ’ ಎಂದರೆ ಕನ್ನಡಿಗರ ಕಣ್ಣಿಗೆ ಬಾಲ ಬರುತ್ತದೆ. ಲಂಕೆ ಸುಟ್ಟ ಬಾಲ ಅದು. ಕೋಡಗ, ಮುಸುವ ಎರಡಕ್ಕೂ ಬಾಲವಿದೆ. ಕಾಂಗ್‌ಗೆ ಇಲ್ಲ. ‘ಬಾಲವಿಲ್ಲದ ಹೆಗ್ಗೋಡಗ’ ಎನ್ನಬಹುದು.

ಚಿತ್ರಸಮಾಜ:

ಹಾಗೆಂದರೆ ಬೆನ್ನುಡಿ ಓದುವವರು ಪುಸ್ತಕ ಕೆಳಗಿಟ್ಟು ಹೋಗುತ್ತಾರೆ. ‘ಗೊರಿಲ್ಲಾದಂಥ ದೈತ್ಯ’ ಎಂದರೆ ಸಾಕು. ‘ಅಂಥ’ ಬೇಕು, ಏಕೆಂದರೆ ಕಥೆಯಲ್ಲಿ ಕಾಂಗ್ ಬರಿಯ ಗೊರಿಲ್ಲಾ ಅಲ್ಲ.

ಎಲ್ಲರಕನ್ನಡಿಗ:

ಗೊರಿಲ್ಲಾವನ್ನು ಇಂಗ್ಲಿಶಿನಿಂದ ಹಾಗೆಯೇ ಎತ್ತಿಕೊಳ್ಳಬಹುದಾದರೆ ‘ನಾವೆಲೈಸೇಶನ್’ ಅನ್ನೂ ಎತ್ತಿಕೊಳ್ಳಿ. ನಡುವೆ ಸಂಸ್ಕ್ರುತದ ಸುಂಕದಕಟ್ಟೆ ಯಾಕೆ? ತಮಿಳರು ‘ನಾವಲ್’ ಎಂದರು, ಮಲೆಯಾಳಿಗಳು ‘ನೋವಲ್’ ಎಂದರು, ಅವರ ನುಡಿ ಹಾಳಾಗಲಿಲ್ಲ.

ಮೇಷ್ಟ್ರು:

ಗೊರಿಲ್ಲಾ ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಪ್ರಾಚೀನ ಕಾರ್ತೇಜ್ ನಗರದ ನಾವಿಕ ಹ್ಯಾನೋ ಆಫ್ರಿಕದ ಕರಾವಳಿಯಲ್ಲಿ ಮಾಡಿದ ಯಾನದ ಗ್ರೀಕ್ ಬರಹದಲ್ಲಿ ಬರುವ ಹೆಸರನ್ನು 1847ರಲ್ಲಿ ಥಾಮಸ್ ಸ್ಯಾವೇಜ್ ಆ ಪ್ರಾಣಿಗೆ ಇಟ್ಟರು. ಅಲ್ಲಿಂದ ಎಲ್ಲ ಭಾಷೆಗಳೂ ಪಡೆದವು. ನಮ್ಮ ಕಾಡಿನಲ್ಲಿಲ್ಲದ ಪ್ರಾಣಿಗೆ ಅದರ ಹೆಸರೇ ಬರಲಿ. ಆದರೆ ಒಂದು ಪ್ರಕಾರವನ್ನು ಇನ್ನೊಂದಕ್ಕೆ ತಿರುಗಿಸುವುದು ನಮಗೆ ಹೊಸದಲ್ಲ. ಬಾಣನ ಗದ್ಯವನ್ನು ನಾಗವರ್ಮ ಚಂಪುವಿಗೆ ತಂದು ‘ಕರ್ಣಾಟಕ ಕಾದಂಬರಿ’ ಎಂದ. ಇರುವ ಕೆಲಸಕ್ಕೆ ಹೊರಗಿನ ಪದ ಏಕೆ?

ಎಲ್ಲರಕನ್ನಡಿಗ:

ನಾಗವರ್ಮ ‘ಚಂಪೂಕರಣ’ ಎನ್ನಲಿಲ್ಲ ಎಂಬುದನ್ನೂ ನೋಡಿ.

ಅನುವಾದಕಿ:

ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ:

ಕಲ್ಪನೆ: ಎಡ್ಗರ್ ವಾಲೇಸ್, ಮೆರಿಯನ್ ಸಿ. ಕೂಪರ್
ಚಿತ್ರಕಥೆ: ಜೇಮ್ಸ್ ಕ್ರೀಲ್‌ಮನ್, ರೂತ್ ರೋಸ್
ಚಿತ್ರಕಥೆಯಿಂದ ಕಾದಂಬರಿ ರೂಪ: ಡೆಲೋಸ್ ಡಬ್ಲ್ಯೂ. ಲವ್‌ಲೇಸ್

ಮುನ್ನುಡಿಯಲ್ಲಿ ‘ಕಾದಂಬರೀಕರಣ’, ದೀರ್ಘದೊಂದಿಗೆ. ಹಡಗಿನ ಹೆಸರು, ಅಡುಗೆಯವನು, ಕಮರಿಯ ಜೇಡಗಳು ಚಿತ್ರಕ್ಕಿಂತ ಬೇರೆ ಏಕೆ ಎಂಬುದನ್ನೂ ಅಲ್ಲಿಯೇ ಹೇಳುತ್ತೇನೆ. ಬೆನ್ನುಡಿಯಲ್ಲಿ ‘ಗೊರಿಲ್ಲಾದಂಥ ದೈತ್ಯ’.

ಮೇಷ್ಟ್ರು:

‘ಚಿತ್ರಕಥೆ’ ಎರಡು ಸಾಲಿನಲ್ಲಿ ಬರುತ್ತದೆ. ಮೂರನೆಯದರಲ್ಲಿ ‘ಅದರ ಕಾದಂಬರಿ ರೂಪ’ ಎಂದರೆ ಸಾಕು.

ಪುಟವಿನ್ಯಾಸ:

ಬೇಡ. ಗ್ರಂಥಾಲಯದವರು ಮೂರನೆಯ ಸಾಲನ್ನಷ್ಟೇ ನಕಲು ಮಾಡಿಕೊಂಡರೆ ‘ಅದರ’ ಎಂದರೆ ಯಾವುದರ ಎಂದು ತಿಳಿಯುವುದಿಲ್ಲ. ಇದ್ದ ಹಾಗೆಯೇ ಇರಲಿ.