ಡಿಇಎಫ್: ಚಳಿಗೆ ಗಟ್ಟಿಯಾಗುತ್ತದೆ, ಸೆಕೆಗೆ ಕೆಡುತ್ತದೆ ಅಂತಾರೆ. ನಿಮ್ಮ ಅನುಭವ ಏನು?

ಪ್ರಶ್ನೆ: ನಮ್ಮ ಲಾರಿಗಳಿಗೆ ಡಿಇಎಫ್ (ಡೀಸೆಲ್ ಎಂಜಿನ್ ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ) ಒಟ್ಟಿಗೆ ತಂದು ತಗಡಿನ ಶೆಡ್‌ನಲ್ಲಿ ಇಡುತ್ತೇವೆ. ಬೇಸಿಗೆಯಲ್ಲಿ ಅದರೊಳಗೆ ನಿಲ್ಲೋಕೂ ಆಗಲ್ಲ. ಅದೇ ಲಾರಿಗಳು ಹಿಮ ಬೀಳುವ ಕಡೆಗೂ ಹೋಗುತ್ತವೆ. ಟ್ಯಾಂಕಿನಲ್ಲೇ ಹೆಪ್ಪುಗಟ್ಟಿದರೆ ಏನು ಗತಿ? ಆಂಟಿಫ್ರೀಜ್ ಬೆರೆಸಬಹುದಾ? ಗೊತ್ತಿರುವವರು ಹೇಳಿ.

ಬೆಟ್ಟದ ದಾರಿಯಲ್ಲಿ ಲಾರಿ ಓಡಿಸುವವರು: ಚಳಿಗೆ ಅಷ್ಟು ಹೆದರಬೇಡಿ ಸಾರ್. ಮೈನಸ್ 11 ಡಿಗ್ರಿ ಸೆಲ್ಸಿಯಸ್ ಹತ್ತಿರ ಡಿಇಎಫ್ ಗಟ್ಟಿಯಾಗುತ್ತದೆ, ಆದರೆ ಕೆಡುವುದಿಲ್ಲ. ಕರಗಿದ ಮೇಲೆ ಮೊದಲಿನ ಹಾಗೇ ಇರುತ್ತದೆ. ಬೆಳಗ್ಗೆ ಟ್ಯಾಂಕ್ ಪೂರ್ತಿ ಹೆಪ್ಪುಗಟ್ಟಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಗಾಡಿ ಹೊರಡುತ್ತದೆ. ಎಂಜಿನ್ ಕಾದ ಹಾಗೆ ಎಂಜಿನ್ ತಣಿಸುವ ಬಿಸಿ ಕೂಲಂಟ್ ಟ್ಯಾಂಕಿನೊಳಗಿನ ಪೈಪಿನಲ್ಲಿ ಹರಿದು ಅದನ್ನು ಕರಗಿಸುತ್ತದೆ. ಕೆಲವು ಗಾಡಿಗಳಲ್ಲಿ ಕರೆಂಟಿನ ಹೀಟರ್ ಇರುತ್ತದೆ.

ಒಂದು ಮಾತ್ರ ನೆನಪಿಡಿ. ಕೀ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಪಂಪ್ ಗುಂಯ್ ಅನ್ನುತ್ತಿರುತ್ತದೆ, ಕೇಳಿರುತ್ತೀರಿ ಅಲ್ವಾ? ಪೈಪಿನಲ್ಲಿ ಉಳಿದ ಡಿಇಎಫ್ ಅನ್ನು ಅದು ವಾಪಸ್ ಟ್ಯಾಂಕಿಗೆ ಎಳೆಯುತ್ತಿರುತ್ತದೆ. ಆ ಸದ್ದು ನಿಲ್ಲುವ ಮೊದಲೇ ಬ್ಯಾಟರಿಯ ಮೇನ್ ಸ್ವಿಚ್ ತೆಗೆದರೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಗಟ್ಟಿಯಾದಾಗ ಸುಮಾರು ಶೇಕಡಾ 7ರಷ್ಟು ಉಬ್ಬುವ ಸರಕು ಇದು. ಹಾಗಾಗಿ ಕ್ಯಾನನ್ನೂ ಬಾಯಿತನಕ ತುಂಬಿ ಚಳಿಯಲ್ಲಿ ಇಡಬೇಡಿ, ಒಡೆದೀತು.

ವರ್ಕ್‌ಶಾಪ್ ಮೆಕ್ಯಾನಿಕ್: ಆಂಟಿಫ್ರೀಜ್ ವಿಷಯಕ್ಕೆ ಬರ್ತೀನಿ. ಬೇಡವೇ ಬೇಡ! ಅದನ್ನು ಬೆರೆಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್‌ಗೆ ಕುತ್ತು, ಆಮೇಲಿನ ಖರ್ಚು ಕೇಳಬೇಡಿ. ಡಿಇಎಫ್‌ನಲ್ಲಿ ಇರೋದು ಶೇಕಡಾ 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಆ ಅಳತೆಯನ್ನು ಸುಮ್ನೆ ಇಟ್ಟಿಲ್ಲ. ಯೂರಿಯಾ, ನೀರು ಎರಡೂ ಒಟ್ಟಿಗೇ ಗಟ್ಟಿಯಾಗಿ ಒಟ್ಟಿಗೇ ಕರಗುವ ಹದ ಅದು. ಎಲ್ಲಕ್ಕಿಂತ ತಡವಾಗಿ ಹೆಪ್ಪುಗಟ್ಟುವ ಹದವೂ ಅದೇ. ನೀರು ಜಾಸ್ತಿ ಮಾಡಿದರೂ, ಯೂರಿಯಾ ಜಾಸ್ತಿ ಮಾಡಿದರೂ ಇನ್ನೂ ಬೇಗ ಗಟ್ಟಿಯಾಗುತ್ತದೆ.

ಸ್ಟೋರ್ ನೋಡಿಕೊಳ್ಳುವವರು: ನಿಮ್ಮ ತೊಂದರೆ ಇರೋದು ಬೆಟ್ಟದಲ್ಲಲ್ಲ, ಆ ತಗಡಿನ ಶೆಡ್‌ನಲ್ಲಿ. ಡಿಇಎಫ್‌ನ ಐಎಸ್‌ಒ 22241 ಮಾನದಂಡದಲ್ಲಿ ಇಡುವ ಜಾಗದ ಸೆಕೆ ನೋಡಿ ಬಾಳಿಕೆ ಹೇಳಿದ್ದಾರೆ. 25 ಡಿಗ್ರಿ ಒಳಗಿದ್ದರೆ 18 ತಿಂಗಳು. 30 ಆದರೆ 12 ತಿಂಗಳು, 35 ಆದರೆ ಬರೀ 6. ಅದಕ್ಕೂ ಮೇಲೆ ಹೋದರೆ ಇಷ್ಟು ದಿನ ಅಂತ ನೆಚ್ಚಿಕೊಳ್ಳೋ ಹಾಗಿಲ್ಲ, ಬಳಸುವ ಮೊದಲು ಪರೀಕ್ಷೆ ಮಾಡಿಸಬೇಕು.

ಕಾವಿಗೆ ಯೂರಿಯಾ ನಿಧಾನವಾಗಿ ಒಡೆದು ಅಮೋನಿಯಾ ಆಗುತ್ತದೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಘಾಟು ಹೊಡೆದರೆ ಅನುಮಾನ ಪಡಿ. ಮುಚ್ಚಳ ಸಡಿಲವಿದ್ದರೆ ನೀರು ಆರಿ ಅಂಚಿನಲ್ಲಿ ಬಿಳಿ ಹರಳು ಕಟ್ಟುತ್ತದೆ, ಒಳಗಿನ ಹದವೂ ತಪ್ಪುತ್ತದೆ. ನಾನಾದರೆ ನೆರಳಿರುವ, ಗಾಳಿ ಆಡುವ ಗೋಡೆಯ ಕೋಣೆಗೆ ಸಾಗಿಸುತ್ತೇನೆ. ಮೊದಲು ಬಂದದ್ದನ್ನು ಮೊದಲು ಖಾಲಿ ಮಾಡಿಸುತ್ತೇನೆ, ಬೇಸಿಗೆಗೆ ಕಡಿಮೆ ತರಿಸುತ್ತೇನೆ. ಅಗ್ಗಕ್ಕೆ ಸಿಗುತ್ತೆ ಅಂತ ವರ್ಷಕ್ಕಾಗುವಷ್ಟು ತುಂಬಿಡೋದು ಲೆಕ್ಕಕ್ಕೆ ಹೊಂದಲ್ಲ.

ಬೇರೆ ಪಾತ್ರೆಗೆ ಸುರಿಯುವುದಾದರೆ ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲ್. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸತು ಲೇಪಿಸಿದ ಕಬ್ಬಿಣ ಆಗದು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹೋದ ಬೇಸಿಗೆಯಿಂದ ಶೆಡ್‌ನಲ್ಲೇ ಇರುವ ಒಂದು ಬ್ಯಾರಲ್ ಇದೆ. ಸೀಲ್ ಒಡೆದಿಲ್ಲ. ಹಾಕಬಹುದಾ?

ವರ್ಕ್‌ಶಾಪ್ ಮೆಕ್ಯಾನಿಕ್: ಮೊದಲು ಬ್ಯಾರಲ್ ಮೇಲಿನ ತಾರೀಖು ನೋಡಿ. ಆಮೇಲೆ ಡಿಇಎಫ್ ಅಳೆಯುವ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಯೂರಿಯಾ ಶೇಕಡಾ 31.8ರಿಂದ 33.2ರ ಒಳಗೆ ಬರಬೇಕು. ಹೊರಗೆ ಬಂದರೆ ಹಾಕಬೇಡಿ. ಒಳಗೆ ಬಂತು ಅಂತಲೂ ಸಲೀಸಾಗಿ ನಂಬಬೇಡಿ. ಅದು ಯೂರಿಯಾ ಎಷ್ಟಿದೆ ಅಂತ ಮಾತ್ರ ಹೇಳುತ್ತದೆ, ಧೂಳು, ಲೋಹದ ಅಂಶ ಸೇರಿದ್ದು ಅದಕ್ಕೆ ಕಾಣಲ್ಲ. ಒಂದು ಬೇಸಿಗೆ ಪೂರ್ತಿ ಬೆಂದ ಬ್ಯಾರಲ್ ಅಂದ್ರೆ ಲ್ಯಾಬಿಗೆ ಸ್ಯಾಂಪಲ್ ಕೊಡಿ. ಅಷ್ಟು ತಾಪತ್ರಯ ಬೇಡ ಅಂದ್ರೆ ಬಿಟ್ಟುಬಿಡಿ, ಡಿಇಎಫ್ ಚಿಮ್ಮಿಸುವ ಇಂಜೆಕ್ಟರ್‌ಗಿಂತ ಬ್ಯಾರಲ್ ಅಗ್ಗ.