ಅಮೆರಿಕದಲ್ಲಿ ಎಂ.ಎಸ್.: ಕ್ಯಾಂಪಸ್ ಕೆಲಸಕ್ಕೆ ಎಲ್ಲಿಂದ ಶುರು ಮಾಡಬೇಕು?

ಹೊಸಹಕ್ಕಿ:
ಆಗಸ್ಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಸೇರ್ತಿದ್ದೇನೆ, ಎಫ್-1 (ವಿದ್ಯಾರ್ಥಿ) ವೀಸಾ ಆಗಿದೆ. ಅಸಿಸ್ಟೆಂಟ್‌ಶಿಪ್ (ಯೂನಿವರ್ಸಿಟಿ ವಿಭಾಗಕ್ಕೆ ಕೆಲಸ ಮಾಡಿಕೊಟ್ಟು ಸಂಬಳ, ಎಷ್ಟೋ ಸಲ ಫೀ ಮನ್ನಾ ಪಡೆಯೋದು) ಸಿಕ್ಕಿಲ್ಲ. ಫೀಸಿಗೆ ಬ್ಯಾಂಕ್ ಸಾಲ ಇದೆ, ಬಾಡಿಗೆ ಮತ್ತು ಊಟದ ಖರ್ಚನ್ನಾದ್ರೂ ಕ್ಯಾಂಪಸ್ ಕೆಲಸದಲ್ಲಿ ತೂಗಿಸಬೇಕು. ಇಲ್ಲಿಂದಲೇ ಅರ್ಜಿ ಹಾಕಬಹುದಾ? ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್, ಅಲ್ಲಿ ಸಂಬಳ, ತೆರಿಗೆಗೆ ಬೇಕಾದ ಸಂಖ್ಯೆ) ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಎಸ್‌ಎಸ್‌ಎನ್ ಇಲ್ಲ ಅಂತಾರೆ. ಹೌದಾ?

ಗ್ರಂಥಾಲಯದ_ಕಿಟಕಿ:
ಅರ್ಜಿ ಇಲ್ಲಿಂದಲೇ ಹಾಕಿ, ಕಾಯಬೇಡಿ. ಯೂನಿವರ್ಸಿಟಿ ಈಮೇಲ್ ಐಡಿ ಬಂದ ದಿನವೇ ಅವರ ಜಾಬ್ ಪೋರ್ಟಲ್‌ಗೆ ಲಾಗಿನ್ ಆಗಿ; ಎಷ್ಟೋ ಕಡೆ ಅದು ಹ್ಯಾಂಡ್‌ಶೇಕ್ ಅನ್ನೋ ವೆಬ್‌ಸೈಟ್. ಜಾಹೀರಾತಿನಲ್ಲಿ "ವರ್ಕ್-ಸ್ಟಡಿ" ಕಡ್ಡಾಯ ಅಂತಿದ್ರೆ ಬಿಟ್ಟುಬಿಡಿ. ಅದು ಅಲ್ಲಿನ ಕೇಂದ್ರ ಸರ್ಕಾರದ ನೆರವು, ಎಫ್-1 ವಿದ್ಯಾರ್ಥಿಗಳಿಗೆ ಸಿಗಲ್ಲ.

ಬೇಗ ಸಿಗೋದು ಡೈನಿಂಗ್ ಹಾಲ್ ಕೆಲಸ. ಲೈಬ್ರರಿ, ಐಟಿ ಹೆಲ್ಪ್ ಡೆಸ್ಕ್, ಜಿಮ್ ಕೌಂಟರ್‌ಗೆ ಪೈಪೋಟಿ ಜಾಸ್ತಿ. ರೆಸ್ಯೂಮೆ ಒಂದೇ ಪುಟ ಇರಲಿ, ವಾರದಲ್ಲಿ ಯಾವ್ಯಾವ ಹೊತ್ತು ಬಿಡುವಿದೆ ಅಂತ ಅದರಲ್ಲೇ ಬರೆಯಿರಿ. ಶಿಫ್ಟ್ ಹಂಚುವ ಮೇಲ್ವಿಚಾರಕರು ಮೊದಲು ನೋಡೋದು ಅದನ್ನೇ. ಬೆಳಗಿನ ಶಿಫ್ಟ್, ವಾರಾಂತ್ಯದ ಶಿಫ್ಟ್ ಒಪ್ಪಿಕೊಳ್ಳೋರು ಕಡಿಮೆ. ನಿಮಗೆ ಆಗುತ್ತೆ ಅಂದ್ರೆ ಬಾಯಿ ಬಿಟ್ಟು ಹೇಳಿ.

ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಎರಡು ಕೆಲಸ ಇದ್ರೆ ಎರಡೂ ಸೇರಿ 20. ಒಂದು ವಾರ 24, ಮುಂದಿನ ವಾರ 16 ಮಾಡಿ ಸರಾಸರಿ ಸರಿದೂಗಿಸ್ತೀನಿ ಅನ್ನೋದು ನಡೆಯಲ್ಲ. ಗೆಳೆಯರ ಶಿಫ್ಟ್ ವಹಿಸಿಕೊಳ್ಳೋಕೆ ಹೋಗಿ ಮಿತಿ ದಾಟುತ್ತೆ, ದಯವಿಟ್ಟು ಎಚ್ಚರ. ರಜೆಯಲ್ಲಿ ಪೂರ್ತಿ ಸಮಯ ದುಡಿಯಬಹುದು. ಕ್ಯಾಂಪಸ್ ಹೊರಗಿನ ಅಂಗಡಿ, ಪೆಟ್ರೋಲ್ ಬಂಕಿನಲ್ಲಿ ನಗದು ಕೊಡ್ತೀವಿ ಅಂದ್ರೆ ಆ ಕಡೆ ತಲೆನೂ ಹಾಕಬೇಡಿ. ವೀಸಾ ಸ್ಟೇಟಸ್ಸೇ ಹೋಗುತ್ತೆ.

ಕಾಗದಪತ್ರ:
ಎಸ್‌ಎಸ್‌ಎನ್ ವಿಚಾರ ನೀವು ಕೇಳಿದ್ದು ಅರ್ಧ ಮಾತ್ರ ನಿಜ. ಕೆಲಸದ ಆಫರ್ ಇಲ್ಲದೆ ಎಸ್‌ಎಸ್‌ಎನ್ ಸಿಗಲ್ಲ. ಆದ್ರೆ ಆಫರ್‌ಗೆ ಎಸ್‌ಎಸ್‌ಎನ್ ಬೇಡ, ಎಸ್‌ಎಸ್‌ಎನ್‌ಗೆ ಅರ್ಜಿ ಹಾಕಿದ ಮೇಲೆ ಅದರ ಕಾರ್ಡ್ ಬರೋ ಮುಂಚೆಯೇ ಕೆಲಸ ಶುರು ಮಾಡೋಕೂ ಸಾಮಾನ್ಯವಾಗಿ ಅಡ್ಡಿ ಇಲ್ಲ.

ಹೋದ ತಕ್ಷಣ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಚೆಕ್-ಇನ್ ಮಾಡಿ. ಅವರು ಸೆವಿಸ್‌ನಲ್ಲಿ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಡೇಟಾಬೇಸ್) ನಿಮ್ಮ ದಾಖಲೆ ಆಕ್ಟಿವ್ ಮಾಡಬೇಕು. ಆಮೇಲೆ ಕೆಲಸ ಕೊಡುವ ವಿಭಾಗದಿಂದ ಪತ್ರ ತಗೊಳ್ಳಿ: ಕೆಲಸ ಏನು, ಯಾವತ್ತಿಂದ, ವಾರಕ್ಕೆ ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ಫೋನ್, ಉದ್ಯೋಗದಾತರ ಇಐಎನ್ (ತೆರಿಗೆ ಗುರುತಿನ) ಸಂಖ್ಯೆ, ತಾರೀಖು, ಸಹಿ. ಇದರಲ್ಲಿ ಒಂದು ಬಿಟ್ಟುಹೋದ್ರೂ ಕೌಂಟರಿನಿಂದ ವಾಪಸ್ ಕಳಿಸಬಹುದು. ಆ ಪತ್ರ ತೋರಿಸಿದ್ರೆ ಡಿಎಸ್‌ಒ (ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವೀಸಾ ವಿಷಯ ನೋಡಿಕೊಳ್ಳೋ ಅಧಿಕಾರಿ) ಎರಡನೇ ಪತ್ರ ಕೊಡ್ತಾರೆ. ಎರಡು ಪತ್ರ, ಪಾಸ್‌ಪೋರ್ಟ್, ಐ-20 (ಯೂನಿವರ್ಸಿಟಿ ಕೊಟ್ಟ ಪ್ರವೇಶ ಪತ್ರ), ಐ-94 (ದೇಶಕ್ಕೆ ಬಂದ ದಾಖಲೆ) ಪ್ರಿಂಟ್, ಎಸ್‌ಎಸ್-5 ಅನ್ನೋ ಎಸ್‌ಎಸ್‌ಎನ್ ಅರ್ಜಿ ಇಷ್ಟು ಹಿಡಿದು ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ. ಜೆರಾಕ್ಸ್ ನಡೆಯಲ್ಲ, ಮೂಲ ಪ್ರತಿ ಬೇಕು. ದೇಶಕ್ಕೆ ಬಂದು 10 ದಿನ ಆದ ಮೇಲೆ ಹೋಗೋದು ಒಳ್ಳೇದು. ಮುಂಚೆ ಹೋದ್ರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ದಾಖಲೆ ಸಿಗದೆ ಅರ್ಜಿ ಅಲ್ಲೇ ನಿಂತುಬಿಡುತ್ತೆ.

ನಮ್ಮವರಿಗೆ ಹೆಸರಿನದ್ದೇ ದೊಡ್ಡ ತೊಡಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ರೆ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತೆ. ಐ-94 ಅನ್ನು ಆನ್‌ಲೈನಿನಲ್ಲಿ ತೆಗೆದು ಪಾಸ್‌ಪೋರ್ಟ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಿದ್ರೆ ಮೊದಲು ಅದನ್ನ ತಿದ್ದಿಸಿ.

ಚಾಕ್‌ಪೀಸ್:
ಅಸಿಸ್ಟೆಂಟ್‌ಶಿಪ್ ಆಸೆ ಈಗಲೇ ಬಿಡಬೇಡಿ. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪಿಎಚ್‌ಡಿಯವರಿಗೇ ಮೊದಲ ಆದ್ಯತೆ ಇರುತ್ತೆ, ಅಲ್ಲಿ ಮಾತ್ರ ಬಾಗಿಲು ತಟ್ಟಿದ್ರೆ ಸಾಲಲ್ಲ. ಹಾಸ್ಟೆಲ್ ವಿಭಾಗ, ವಿದ್ಯಾರ್ಥಿ ಕಲ್ಯಾಣ ಕಚೇರಿ, ಆನ್‌ಲೈನ್ ಕೋರ್ಸ್ ನಡೆಸುವ ಘಟಕ, ಕೃಷಿ ಅಥವಾ ಸಾರ್ವಜನಿಕ ಆರೋಗ್ಯ ವಿಭಾಗಗಳಿಗೂ ಡೇಟಾ, ವೆಬ್‌ಸೈಟ್ ನೋಡಿಕೊಳ್ಳೋರು ಬೇಕಾಗ್ತಾರೆ. ತರಗತಿ ಶುರುವಾಗೋ ವಾರ, ಅದರ ಹಿಂದಿನ ವಾರ ಖಾಲಿ ಜಾಗ ಹುಟ್ಟಿಕೊಳ್ಳೋದು ಹೆಚ್ಚು: ಬರಬೇಕಾದವರು ಬರಲ್ಲ, ಕೋರ್ಸಿಗೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನ ಸೇರಿರ್ತಾರೆ.

ಪ್ರೊಫೆಸರ್‌ಗೆ ಬರೆಯೋ ಮೇಲ್ ಆರು ಸಾಲು ಮೀರಬಾರದು. ವಿಷಯದ ಸಾಲಿನಲ್ಲಿ ಕೋರ್ಸ್ ಸಂಖ್ಯೆ. ಒಳಗೆ ಆ ವಿಷಯ ನೀವು ಎಲ್ಲಿ ಓದಿದ್ದು, ಎಷ್ಟು ಅಂಕ, ಯಾವ ಪ್ರೋಗ್ರಾಮಿಂಗ್ ಭಾಷೆ ಬರುತ್ತೆ, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ. ಒಂದೇ ಮೇಲನ್ನ ನಲವತ್ತು ಜನಕ್ಕೆ ಕಳಿಸಿದ್ದು ಓದಿದವರಿಗೆ ಗೊತ್ತಾಗದೇ ಇರಲ್ಲ.

ಆಫರ್ ಬಂದ್ರೆ "50 ಪರ್ಸೆಂಟ್" ಅಂದ್ರೆ ವಾರಕ್ಕೆ 20 ಗಂಟೆ, "25 ಪರ್ಸೆಂಟ್" ಅಂದ್ರೆ 10 ಗಂಟೆ ಅಂತ ಲೆಕ್ಕ. ಫೀ ಮನ್ನಾ ಟ್ಯೂಷನ್‌ಗೆ ಮಾತ್ರವಾ, ಬೇರೆ ಶುಲ್ಕಗಳಿಗೂ ಇದೆಯಾ ಅಂತ ಪತ್ರದಲ್ಲೇ ಓದಿ. ಗಂಟೆ ಲೆಕ್ಕದ ಗ್ರೇಡರ್ (ಉತ್ತರ ತಿದ್ದಿ ಅಂಕ ಹಾಕೋ) ಕೆಲಸಕ್ಕೆ ಸಾಮಾನ್ಯವಾಗಿ ಮನ್ನಾ ಇರಲ್ಲ.

ಹೊಸಹಕ್ಕಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಬಳದಲ್ಲಿ ತೆರಿಗೆ ಎಷ್ಟು ಹಿಡೀತಾರೆ?

ಕಾಗದಪತ್ರ:
ಫೆಡರಲ್ ತೆರಿಗೆ ಸ್ವಲ್ಪ ಹಿಡೀತಾರೆ, ಎಷ್ಟೋ ರಾಜ್ಯಗಳಲ್ಲಿ ರಾಜ್ಯದ್ದೂ ಇದೆ. ಆದ್ರೆ ಮೊದಲ ಐದು ಕ್ಯಾಲೆಂಡರ್ ವರ್ಷ ಎಫ್-1 ನವರಿಗೆ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಕಡಿತ ಇಲ್ಲ. ಮೊದಲ ಪೇ ಸ್ಲಿಪ್‌ನಲ್ಲಿ ಈ ಎರಡು ಸಾಲು ಸೊನ್ನೆ ಇದೆಯಾ ನೋಡಿ. ಗಂಟೆಗೆ 12 ಡಾಲರ್‌ನಂತೆ 20 ಗಂಟೆಗೆ 240 ಡಾಲರ್, ತಪ್ಪಿ ಹಿಡಿದ್ರೆ ಅದರಲ್ಲಿ ಈ ಎರಡೂ ಸೇರಿ 7.65 ಶೇಕಡಾ ಅಂದ್ರೆ ವಾರಕ್ಕೆ 18 ಡಾಲರ್ ಚಿಲ್ಲರೆ ಸುಮ್ಮನೆ ಹೋಗುತ್ತೆ. ಹಿಡಿದಿದ್ರೆ ಪೇರೋಲ್ ಆಫೀಸಿನಲ್ಲೇ ವಾಪಸ್ ಕೇಳಿ, ಅವರು ಕೊಡದಿದ್ರೆ ಮಾತ್ರ ಐಆರ್‌ಎಸ್‌ಗೆ (ಅಲ್ಲಿನ ತೆರಿಗೆ ಇಲಾಖೆ) ಮರುಪಾವತಿ ಕೇಳೋ ಫಾರ್ಮ್ 843. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುಂಚೆ ಆದಾಯದಿಂದ ಕಳೆಯೋ ನಿಗದಿತ ಮೊತ್ತ) ಸಿಗುತ್ತೆ. ಮುಂದಿನ ಏಪ್ರಿಲ್ 15ರೊಳಗೆ 1040-ಎನ್ಆರ್ (ಅನಿವಾಸಿಗಳ ತೆರಿಗೆ ರಿಟರ್ನ್) ತುಂಬುವಾಗ ಅದನ್ನ ಹಾಕಿ, ಜೊತೆಗೆ ವಿದ್ಯಾರ್ಥಿ ವೀಸಾದವರು ಕೊಡೋ ಫಾರ್ಮ್ 8843 ಲಗತ್ತಿಸಿ.